ಹುಳಿ ಹಿಡಿದ ಮಣ್ಣು

ಉಜಿರೆ
೧೪-೯-೧೯೫೮

ಅಮ್ಮಾ,

ನಿನ್ನ ಕಾಲು ಮುಟ್ಟಿ ದಮಯಂತಿ ಬರೆಯುವುದು. ನಿನ್ನ ಕಾಗದ ಸಿಕ್ಕಿತು. ವಿಟ್ಲದ ಆ ಗಂಡು ಒಳ್ಳೆಯವರೇ ಇರಬಹುದು. ಆದರೆ ಪೂವಮ್ಮನನ್ನು ಇಲ್ಲಿ ಬಿಟ್ಟು ಬಂದರೆ ಮಾತ್ರ ಮದುವೆ ಎಂದಿದ್ದಾರಲ್ಲ. ಇನ್ನೂ ನನ್ನ ಸೆರಗು ಹಿಡಿದು ನಡೆಯುವ ಮಗುವನ್ನು ಯಾರ ಕೈಗೆ ಕೊಟ್ಟು ಬರಲಿ?

ಇಲ್ಲಿಯ ಸಂಗತಿ ನಿನಗೆ ಪೂರ್ತಿ ಬರೆದಿರಲಿಲ್ಲ. ಇವರು ತೀರಿಕೊಂಡ ಮೇಲೆ ಇವರ ಅಣ್ಣ ಹುಕ್ರಪ್ಪ ಭಾವ ಮನೆಯ ಹಿಂದಿನ ಮುರಕಲ್ಲಿನ ಕೆಂಪು ಮಣ್ಣಿನ ಗುಡ್ಡೆ ತೋರಿಸಿ, ಇದರಲ್ಲಿ ನಿಮ್ಮಿಬ್ಬರ ಹೊಟ್ಟೆಗೆ ಬೆಳೆಸಿಕೋ, ಆಗದಿದ್ದರೆ ನೀನು ಕನ್ಯಾನಕ್ಕೆ ನಿನ್ನಮ್ಮನ ಮನೆಗೆ ಹೋಗು, ನನ್ನ ತಮ್ಮನ ಮಗು ಇಲ್ಲೇ ಇರ್ತದೆ ಎಂದರು. ಬದನೆ ನೆಟ್ಟೆ, ಮೊಣಕಾಲೆತ್ತರಕ್ಕೂ ಬರಲಿಲ್ಲ. ಗ್ರಾಮಸೇವಕ ಸುಧಾಕರ ಎಂಬವರು ನೋಡಿ, ಮಣ್ಣು ಹುಳಿಯಾಗಿದೆ, ಮೊದಲು ನೀರು ಹಾಕಿ ಆರಿಸಿದ ಸುಣ್ಣದ ಹುಡಿ ಹಾಕಿ ಅಗೆಯಿರಿ, ಕೆಲವು ವಾರ ಬಿಟ್ಟು ಹಳೆಯ ಹಟ್ಟಿಗೊಬ್ಬರ ಕೊಡಿ, ಎರಡನ್ನೂ ಒಟ್ಟಿಗೆ ಹಾಕಬೇಡಿ ಎಂದರು.

ಕಾಯುವ ಧೈರ್ಯ ನನಗೆಲ್ಲಿ ಅಮ್ಮ? ಬಂಟ್ವಾಳದಿಂದ ಮೂಸಾ ಬ್ಯಾರಿ ತಂದುಕೊಟ್ಟ ಸುಟ್ಟ ಸುಣ್ಣವನ್ನು ಸರಿಯಾಗಿ ಆರಿಸದೆ ಹರಡಿದೆ. ಅದೇ ದಿನ ಹಸಿ ಸೆಗಣಿ, ಅದೇ ದಿನ ಸಸಿ, ನೀರು. ಮೂಗಿಗೆ ಹೊಡೆಯುವ ಘಾಟು ಎದ್ದಿತು. ಅಷ್ಟರಲ್ಲಿ ಪೂವ ಬರಿಗಾಲಲ್ಲಿ ನನ್ನ ಕಡೆಗೆ ಓಡಿ ಬಂದಳು. ಒದ್ದೆ ಸುಣ್ಣಕ್ಕೆ ಅಂಗಾಲು ಸುಟ್ಟುಹೋಯಿತು. ಅವಳ ಕೂಗು ಕೇಳಿ ಭಾವ ಬಂದು ಎತ್ತಿಕೊಂಡು ಹೋದರು. ಮಗು ಸಾಕುವ ಯೋಗ್ಯತೆ ನಿನಗಿಲ್ಲ ಎಂದು ನನ್ನನ್ನು ಹಟ್ಟಿಯ ಪಕ್ಕದ ಕೋಣೆಗೆ ಹಾಕಿದರು. ಮಗು ಒಳಗೆ, ನಾನು ಹೊರಗೆ. ಸಸಿಗಳೂ ಒಂದೊಂದೇ ಸತ್ತವು.

ಆಮೇಲೆ ಹುಚ್ಚಿಯ ಹಾಗೆ ಅಗೆದೆ. ಮಳೆ ಬಂದು ಸುಣ್ಣ ಮಣ್ಣಿಗೆ ಸೇರುವವರೆಗೆ ಹಲ್ಲು ಕಚ್ಚಿ ಕಾದೆ. ಕಪ್ಪಾದ ಹಳೆ ಗೊಬ್ಬರ ಹೊತ್ತು ಸಾಲು ಸಾಲಿಗೆ ಹಾಕಿ ಅಲಸಂಡೆ, ಬೆಂಡೆ, ಹರಿವೆ ಬಿತ್ತಿದೆ. ಅಮ್ಮಾ, ಬಂತು! ಬುಟ್ಟಿ ತುಂಬಿಸಿ ಬೆಳ್ತಂಗಡಿ ಸಂತೆಗೆ ಹೊತ್ತೆ. ಇನ್ನು ನನ್ನ ಮಗುವನ್ನು ಕೊಡಿ ಎಂದು ಭಾವನಲ್ಲಿ ಕೇಳಿದೆ. ಅವರು ಸಾಲಿಗೆ ಇಳಿದು ಮಣ್ಣನ್ನು ಹಿಡಿದು ನೋಡಿ, ಈಗ ಹದಕ್ಕೆ ಬಂದಿದೆ, ಮುಂದಿನ ಬೆಳೆ ನಾನೇ ಮಾಡ್ತೇನೆ, ನಿನಗೆ ಗಂಡು ನೋಡಿ ನಿನ್ನಮ್ಮನಿಗೆ ಹೇಳಿ ಕಳಿಸಿ ಆಗಿದೆ ಎಂದರು. ಆ ಸಂಬಂಧ ನಿನ್ನ ಬಾಗಿಲಿಗೆ ಹೇಗೆ ಬಂತೆಂದು ಆಗ ತಿಳಿಯಿತು.

ಬಾವಿಕಟ್ಟೆಯಲ್ಲಿ ಕೂತು ಕೆಳಗೆ ನೋಡುತ್ತಿದ್ದೆ. ಯಾಕೆಂದು ನಿನಗೆ ಬರೆಯಲಾರೆ. ಭಾವನ ಹೆಂಡತಿ ಸೇಸಮ್ಮಕ್ಕ ಬಂದು ರಟ್ಟೆ ಹಿಡಿದು ಎಳೆದರು. "ಆ ಮಗುವಿಗೆ ಅಪ್ಪ ಇಲ್ಲ, ಅಮ್ಮನೂ ಬೇಡವಾ ಮಾರಾಯ್ತಿ? ಏಳು" ಎಂದು ಅವರೂ ಅತ್ತರು.

ನಾನು ಕನ್ಯಾನಕ್ಕೆ ಬರುವುದಿಲ್ಲ ಅಮ್ಮ. ಮದುವೆಯೂ ಬೇಡ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ನೀನೂ ಸಿಟ್ಟಾಗಬೇಡ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳು,
ದಮಯಂತಿ

ಮತ್ತೆ: ಭಾವನ ಕೈಗೆ ಸಿಕ್ಕೀತೆಂದು ಹೆದರಿ ಮೇಲೆ ಬರೆಯಲಿಲ್ಲ. ಈ ಕಾಗದ ಉಜಿರೆಯಲ್ಲಿ ಶುರು ಮಾಡಿದ್ದು, ಮುಗಿಸುವುದು ಮೂಡುಬಿದಿರೆಯಲ್ಲಿ. ಬೆಳಿಗ್ಗೆ ಭಾವ ಗದ್ದೆಗೆ ಹೋದಾಗ ಸೇಸಮ್ಮಕ್ಕನೇ ಪೂವನನ್ನು ತಂದು ನನ್ನ ಸೊಂಟಕ್ಕೇರಿಸಿ ಬಸ್ಸು ಹತ್ತಿಸಿದರು. ತಮ್ಮ ಊರು ಬೆಳ್ತಂಗಡಿಗೆ ಬಂದಾಗೆಲ್ಲ ಸಂತೆಯಲ್ಲಿ ನನ್ನಿಂದ ತರಕಾರಿ ಕೊಳ್ಳುತ್ತಿದ್ದ ಶಶಿಪ್ರಭಾ ಟೀಚರು ಇಲ್ಲಿ ಹೆಣ್ಣುಮಕ್ಕಳ ಹಾಸ್ಟೆಲು ನೋಡಿಕೊಳ್ಳುತ್ತಾರೆ. ಹಿತ್ತಿಲಲ್ಲಿ ತರಕಾರಿ ಮಾಡು, ಇಬ್ಬರೂ ಇಲ್ಲೇ ಇರಿ ಎಂದಿದ್ದಾರೆ. ಇಲ್ಲಿಯ ಮಣ್ಣೂ ಕೆಂಪೇ. ಭಾವ ಹುಡುಕಿಕೊಂಡು ಬಂದರೆ ಗೊತ್ತಿಲ್ಲ ಎನ್ನು ಅಮ್ಮ. ನನಗಾಗಿ ಇದೊಂದು ಸುಳ್ಳು ಹೇಳು.