ಸ್ವಲ್ಪ ಜೋರು ಮಾಡಪ್ಪ

ಮಾರ್ಚ್ ೩, ಮಂಗಳವಾರ
ಕೀಬೋರ್ಡಿನ ಕೀಗಳ ಮೇಲೆ ಇವತ್ತೂ ಎಣ್ಣೆ ಜಿಡ್ಡು. ಹೋಟೆಲಿನವರು ನನ್ನನ್ನು ಕೂರಿಸಿರುವುದು ಅಡುಗೆಮನೆ ಬಾಗಿಲ ಪಕ್ಕ. ಬಾಗಿಲು ತೆರೆದಾಗಲೆಲ್ಲ ಹೊಗೆ ಮುಖಕ್ಕೇ. ಒರೆಸಿ ಶುರು. ಎಡಗೈಯಲ್ಲಿ ಒಂದು ಕೀ ಒತ್ತಿದರೆ ಡ್ರಮ್ಮು, ಬೇಸು, ಗಿಟಾರು ತಾವೇ ಬರುತ್ತವೆ. ಒಂದು ತಂಡದ ಕೆಲಸ ಒಬ್ಬನಿಂದ... ಅದಕ್ಕೇ ನನ್ನನ್ನು ಇಟ್ಟುಕೊಂಡಿರುವುದು.

ಒಬ್ಬ ಬಾಯಿ ತುಂಬ ತುತ್ತು ಇಟ್ಟುಕೊಂಡೇ ಬಂದು, "ಹಳೇದು ಒಂದು ಬಾರ್ಸಿ" ಅಂದ. ತುತ್ತಿನ ಚೂರು ಕೀಬೋರ್ಡಿನ ಮೇಲೆ. ನುಡಿಸಿದೆ. ಅರ್ಧದಲ್ಲೇ ಫೋನ್ ಹಿಡಿದು ಎದ್ದು ಹೋದ. ಥೂ.

ಪಾತ್ರೆ ಅಕ್ಕ ಟೀ ಕೊಟ್ಟಳು. ಒಳಗೆ ಪಾತ್ರೆ ತೊಳೆಯುವವಳು, ಎಲ್ಲರೂ ಕರೆಯುವುದೇ ಹಾಗೆ. "ನಿನ್ನ ಪೆಟ್ಟಿಗೇಲಿ ಪಾತ್ರೆ ತೊಳೆಯೋರೂ ಇದಾರೇನೋ ತಮ್ಮ? ಇದ್ರೆ ಕಳಿಸು." ಇಡೀ ದಿನದಲ್ಲಿ ನಕ್ಕಿದ್ದು ಅದೊಂದಕ್ಕೇ.

ಮಾರ್ಚ್ ೮, ಭಾನುವಾರ
ಬರೆಯಲು ಕೈ ಬರುತ್ತಿಲ್ಲ.

ಮಧ್ಯಾಹ್ನ ಹಾಲ್ ತುಂಬಿತ್ತು. ಅಡುಗೆಮನೆಯಲ್ಲಿ ಏನೋ ದಬಾರನೆ ಬಿತ್ತು. ಆಮೇಲೆ ಕೂಗು — ಹೆಂಗಸಿನ ಕೂಗು. ಮ್ಯಾನೇಜರ್ ಬಾಗಿಲು ಎಳೆದು ಮುಚ್ಚಿ ನನ್ನ ಕಿವಿಗೆ ಬಗ್ಗಿದ.

"ಸ್ವಲ್ಪ ಜೋರು ಮಾಡಪ್ಪ. ಕುಣಿಯೋ ಥರದ್ದು ಹಾಕು."

ಮಾಡಿದೆ. ಯಾಕೆ ಎಂದು ಕೇಳಲಿಲ್ಲ. ಒಂದು ಟೇಬಲಿನವರು ಚಪ್ಪಾಳೆ ಬೇರೆ ತಟ್ಟಿದರು. ನನಗೆ ಕೂಗು ಕೇಳಿಸುತ್ತಲೇ ಇತ್ತು.

ಹಾಲ್ ಖಾಲಿಯಾದ ಮೇಲೆಯೇ ಅವಳನ್ನು ಹಿಂಬಾಗಿಲಿನಿಂದ ಆಸ್ಪತ್ರೆಗೆ ಸಾಗಿಸಿದರು. ಪಾತ್ರೆ ಅಕ್ಕ. ಕುದಿಯುವ ಎಣ್ಣೆ. ಬಲಗೈ ಪೂರ್ತಿ.

ಮನೆಗೆ ಬಂದು ವಾಂತಿ. ಹೆಂಡತಿ, "ಏನು ತಿಂದ್ರಿ?" ಅಂದಳು. ಏನೂ ತಿಂದಿರಲಿಲ್ಲ.

ಮಾರ್ಚ್ ೧೧, ಬುಧವಾರ
ಕಾರ್ಮಿಕ ಅಧಿಕಾರಿ ವಿಚಾರಣೆಗೆ ಬರುತ್ತಾರಂತೆ. ಮ್ಯಾನೇಜರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಹೇಳಿಕೊಟ್ಟ. "ತಕ್ಷಣ ಆಸ್ಪತ್ರೆಗೆ ಸೇರಿಸಿದ್ವಿ. ಅಷ್ಟೇ ಹೇಳ್ಬೇಕು." ನನ್ನ ಭುಜ ತಟ್ಟಿ, "ನೀನು ಬಾರಿಸ್ತಾ ಇದ್ದೆ, ನಿಂಗೇನ್ ಕೇಳ್ಸುತ್ತೆ?" ಎಲ್ಲರೂ ನಕ್ಕರು. ಅಡುಗೆಯವನೂ. ನಾನೂ ಹಲ್ಲು ಕಿರಿದೆ. ಆ ಹಲ್ಲು ಉದುರಿಹೋಗಬಾರದಿತ್ತೇ.

ಮಾರ್ಚ್ ೧೫, ಭಾನುವಾರ
ಆಸ್ಪತ್ರೆಗೆ ಹೋಗಿದ್ದೆ. ಭುಜದವರೆಗೆ ಪಟ್ಟಿ. ಬೇಗ ತಂದಿದ್ದರೆ ಬೆರಳುಗಳು ಉಳಿಯುತ್ತಿದ್ದವು ಎಂದರಂತೆ ಡಾಕ್ಟರು. ನನ್ನ ಮುಖ ಕಂಡು ಅವಳೇ ಸಮಾಧಾನ ಹೇಳಿದಳು.

"ಹೊರಗೆ ನಿನ್ನ ಹಾಡು ಕೇಳ್ತಾನೇ ಇತ್ತು ಕಣೋ. ಅಷ್ಟು ಸದ್ದಲ್ಲಿ ನಿಂಗೆಲ್ಲಿ ಗೊತ್ತಾಗ್ಬೇಕು, ಪಾಪ."

"ಕೇಳಿಸ್ತು ಅಕ್ಕ. ಕೇಳಿಸ್ತಿದ್ರೂ ಜೋರು ಮಾಡ್ದೆ."

ಗೋಡೆಯ ಕಡೆ ತಿರುಗಿದಳು. ನರ್ಸ್ ಬಂದು ಹೋದಳು. ಆಮೇಲೆ, ತಿರುಗದೆಯೇ:

"ನಂಗ್ಯಾಕೆ ಹೇಳ್ತೀಯಾ? ಕೇಳೋರು ಬರ್ತಾರಲ್ಲ, ಅವ್ರಿಗೆ ಹೇಳು."

ಮಾರ್ಚ್ ೧೮, ಬುಧವಾರ
ಹೇಳಿದೆ. ಮ್ಯಾನೇಜರ್ ಎದುರಿಗೇ. ತೊದಲಲಿಲ್ಲ. ಅಡುಗೆಯವನು ತಲೆ ತಗ್ಗಿಸಿಕೊಂಡೇ, "ಅವ್ರು ಹೇಳಿದ್ದು ನಿಜ ಸಾರ್" ಅಂದ.

ಅಧಿಕಾರಿ ಅತ್ತ ಹೋದದ್ದೇ ತಡ, ಮ್ಯಾನೇಜರ್, "ನಿನ್ನ ಪೆಟ್ಟಿಗೆ ಎತ್ಕೊಂಡು ನಡಿ!" ಸ್ಟ್ಯಾಂಡು, ಸ್ಪೀಕರು, ಕೀಬೋರ್ಡು — ಎಲ್ಲ ಹೊತ್ತು ಮನೆಗೆ. ಹೆಂಡತಿ ನೋಡಿದಳು. "ಮಂಚದ ಕೆಳಗೆ ಜಾಗ ಮಾಡ್ತೀನಿ" ಅಂದಳು. ಅಷ್ಟೇ.

ಏಪ್ರಿಲ್ ೬, ಸೋಮವಾರ
ಪರಿಹಾರವನ್ನು ಹೋಟೆಲೇ ಕೊಡಬೇಕೆಂದು ಆದೇಶವಾಗಿದೆ. ಮ್ಯಾನೇಜರ್ ಮಾತ್ರ ಅಲ್ಲೇ ಇದ್ದಾನೆ, ಶರ್ಟಿನ ಇಸ್ತ್ರಿಯೂ ಕೆಡದಂತೆ. ನನ್ನ ಕುರ್ಚಿಯಲ್ಲಿ ಆಗಲೇ ಇನ್ನೊಬ್ಬ. ಹೇಸಿಗೆ.

ಬೆಳಿಗ್ಗೆ ಪಾತ್ರೆ ಅಕ್ಕನ ಮನೆಗೆ ಹೋದೆ. ಹಿತ್ತಲಲ್ಲಿ ಒಂದೇ ಕೈಯಲ್ಲಿ ಬೆಡ್‌ಶೀಟ್ ಹಿಂಡಲು ಒದ್ದಾಡುತ್ತಿದ್ದಳು. ಬಾ ಎನ್ನಲಿಲ್ಲ.

"ಸಿಟ್ಟು ಹೋಗಿಲ್ಲ ಕಣೋ ನಂಗೆ."

"ಹೋಗೋದೂ ಬೇಡ ಅಕ್ಕ."

ಇನ್ನೊಂದು ತುದಿಯನ್ನು ನನ್ನ ಕಡೆ ಎಸೆದಳು. "ಗಟ್ಟಿಯಾಗಿ ಹಿಡ್ಕೋ."

ಹಿಡಿದೆ. ಅವಳು ಎಡಗೈಯಿಂದ ತಿರುಚಿದಳು, ನಾನು ಈ ಕಡೆಯಿಂದ. ನೀರು ಇಬ್ಬರ ಕಾಲಿನ ಮೇಲೂ ಸುರಿಯಿತು.