ಅಕ್‌ತೋಷ್ ಯಾಕೆ ನಡುಗುತ್ತಾನೆ

ನರಿನ್
ಮೇ ೧೨

ಪ್ರೀತಿಯ ಝಿಪಾರ್,

ನೀನೂ ಅಳಿಯಂದಿರೂ ಓಶ್‌ನಲ್ಲಿ ಕ್ಷೇಮವೆಂದು ನಂಬಿದ್ದೇನೆ. ಚಳಿಗಾಲವಿಡೀ ಬರೆಯಲಿಲ್ಲ, ಬೇಸರಿಸಬೇಡ. ಕೂತಾಗಲೆಲ್ಲ ಹಿಮದ ಸುದ್ದಿಯಲ್ಲೇ ಕಾಗದ ತುಂಬುತ್ತಿತ್ತು, ಒಲೆಗೆ ಹಾಕುತ್ತಿದ್ದೆ. ಈಗ ಹೊಳೆ ಹಸಿರಾಗಿದೆ. ಬೆಳಗಿನ ಮಂಜಿನಲ್ಲಿ ಗುಡ್ಡಗಳು ನೆಲ ಬಿಟ್ಟು ತೇಲಿದಂತೆ ಕಾಣುತ್ತವೆ, ಕುದುರೆಗಳು ಆ ಮಂಜಿನಲ್ಲಿ ಈಜುತ್ತವೆ. ನಿನ್ನಮ್ಮ ಮೊಸರಿನ ಉಂಡೆ ಒಣಗಿಸುತ್ತಿದ್ದಾಳೆ.

ನಮ್ಮ ನಾಯಿ ಅಕ್‌ತೋಷ್‌ನನ್ನು ಕೊಲ್ಲಿಸಬೇಕೆಂದು ಬೀದಿಯವರು ಹಟ ಹಿಡಿದಿದ್ದರು. ಅದನ್ನು ಹೇಳಲೇಬೇಕು.

ಪಕ್ಕದ ಮನೆಯ ಕಾಸಿಮನ ಮೊಮ್ಮಗಳಿಗೆ ನಲವತ್ತು ದಿನ ತುಂಬಿತು. ಪದ್ಧತಿಯಂತೆ ಮಗುವಿನ ಮೊದಲ ಅಂಗಿಯಲ್ಲಿ ಮಿಠಾಯಿ ಗಂಟು ಕಟ್ಟಿ ನಾಯಿಯ ಕೊರಳಿಗೆ ಬಿಗಿದು ಓಡಿಸಲು ನಮ್ಮವನನ್ನೇ ಕೇಳಿದ. ಈ ಬೀದಿಯ ಎಷ್ಟೋ ಕೂಸುಗಳ ಅಂಗಿ ಹೊತ್ತು, ಮಕ್ಕಳ ದಂಡನ್ನು ಹಿಂದೆ ಕಟ್ಟಿಕೊಂಡು ಓಡಿದವನಲ್ಲವೇ ಅವನು? ಈ ಸಲ ಅಂಗಿ ಕಟ್ಟಿದ್ದೇ ತಡ, ನಿಂತಲ್ಲೇ ನಡುಗತೊಡಗಿದ.

"ಹುಚ್ಚು ಹಿಡಿದೈತೆ ಮೇಷ್ಟ್ರೇ. ನಗರಸಭೆಯೋರಿಗೆ ಹೇಳಿ ಗುಂಡು ಹೊಡೆಸ್ಬಿಡಿ," ಎಂದ ಕಾಸಿಮ್.

"ಮೊಮ್ಮಗಳು ಹುಟ್ಟಿದ ದಿನ ನೀನೂ ಹಿಂಗೇ ನಡುಗ್ತಿದ್ಯಲ್ಲೋ. ಆಗ ಯಾರನ್ನ ಕರೆಸ್ಬೇಕಿತ್ತು?"

ಈ ಊರಿಗೆ ಅರ್ಥವಾಗದ್ದಕ್ಕೆಲ್ಲ ಬಂದೂಕೇ ಔಷಧ. ನಾನು ಶಾಲೆಗೆ ಹೋಗುತ್ತಿದ್ದಾಗಲೂ ನಾಯಿ ಕೊಲ್ಲುವ ಗಾಡಿ ಬರುತ್ತಿತ್ತು. ಬಾವುಟ ಬದಲಾಯಿತು, ದೇಶದ ಹೆಸರು ಬದಲಾಯಿತು. ಗಾಡಿ ಮಾತ್ರ ಬರುತ್ತಲೇ ಇದೆ.

ಪುಸ್ತಕಗಳನ್ನು ತೆಗೆದು ಓದಿದೆ. ಚಳಿ, ಜ್ವರ, ವಿಷ, ಮುಪ್ಪು, ಭಯ, ಸಂತೋಷ: ನಾಯಿ ಎಲ್ಲಕ್ಕೂ ನಡುಗುತ್ತದಂತೆ. ಪಶುವೈದ್ಯೆ ಗುಲ್ಸಾನ್ ಬಂದು ಹಲ್ಲು, ಕಣ್ಣು, ಹೊಟ್ಟೆ ನೋಡಿದಳು. "ರೋಗ ಏನೂ ಇಲ್ಲ ತಾತ. ಯಾವಾಗ ನಡುಗ್ತಾನೆ, ಅದನ್ನ ನೋಡಿ," ಎಂದಳು.

ನೋಡಿದೆ. ಅಂಗಿ ಬಿಚ್ಚಿದರೆ ನಡುಕ ನಿಲ್ಲುತ್ತದೆ. ಮೂಗಿನ ಬಳಿ ಹಿಡಿದರೆ ಮತ್ತೆ ಶುರು. ಕೂಸು ತನ್ನಷ್ಟು ಕಾಲ ಬಾಳಲಿ ಎಂದು ನಮ್ಮ ಕಲೀಚಾ ಅಜ್ಜಿ ಪ್ರತಿ ಮಗುವಿನ ಮೊದಲ ಅಂಗಿಗೆ ತನ್ನ ಲಂಗವನ್ನೇ ಹರಿದು ಕೊಡುತ್ತಾಳಲ್ಲ, ಅದೇ ಹೂವಿನ ಬಟ್ಟೆ, ಅದೇ ಹೊಗೆಯ ವಾಸನೆ. ಕಳೆದ ಶರತ್ಕಾಲದಲ್ಲಿ ನಿನ್ನ ಕೋಣೆಯ ಹೊಸ್ತಿಲಲ್ಲಿ ಮಲಗಿ ಅವನು ಮೂಸುತ್ತಿದ್ದದ್ದು ಈ ವಾಸನೆಯನ್ನೇ.

ಕಾಸಿಮನಿಗೆ ಹೇಳಿದೆ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ನಂಗೆ ತೋಚ್ಲೇ ಇಲ್ಲ ಮೇಷ್ಟ್ರೇ. ಗಾಡಿ ಬಂದ್ರೆ ನಾನೇ ಅಡ್ಡ ನಿಂತ್ಕೋತೀನಿ," ಎಂದ. ಅಂಗಿಯನ್ನು ಬೇರೆ ನಾಯಿಗೆ ಕಟ್ಟಿದರು.

ನಿನ್ನ ದಾರಿ ಬೆಳಕಾಗಿರಲಿ, ಮಗಳೇ. ಮೈ ಬೆಚ್ಚಗಿರಲಿ.

ನಿನ್ನ ಅಪ್ಪ,
ಮಿರ್ಜಾಕುಲ್

ಮತ್ತೆ: ನಿನ್ನ ಮಗನ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಾನು ಬರೆಯುತ್ತೇನೆ: ತೆಮಿರ್. ನಲವತ್ತು ತುಂಬದೆ ಹೋದ ಕೂಸಿನ ಅಂಗಿಯನ್ನು ಏನು ಮಾಡಬೇಕೆಂದು ಯಾವ ಪದ್ಧತಿಯೂ ನಮಗೆ ಹೇಳಿಕೊಡಲಿಲ್ಲ. ಸುಡೋಣ ಎಂದಳು ನಿನ್ನಮ್ಮ, ನನ್ನ ಕೈಲಾಗಲಿಲ್ಲ. ನಿನ್ನೆ ಅದನ್ನು ಪೆಟ್ಟಿಗೆಯಿಂದ ತೆಗೆದು ಅಕ್‌ತೋಷ್‌ನ ಮುಂದೆ ಹಾಸಿದೆ. ತುಂಬ ನಡುಗಿದ. ಆಮೇಲೆ ಅದರ ಮೇಲೆ ಗದ್ದವಿಟ್ಟು ನಿದ್ದೆ ಹೋದ. ಎಳೆಗೂಸಿಗಾಗಿ ಅಳಬಾರದೆಂದು ಹೆಂಗಸರೆಲ್ಲ ಸೇರಿ ನಿನ್ನ ಬಾಯಿ ಕಟ್ಟಿದರು. ನೀನು ಊರಿಗೆ ಬಾ. ಈ ಸಲ ಯಾರಾದರೂ ಹಾಗೆಂದರೆ, ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕುತ್ತೇನೆ.