ಬ್ಯಾಟರಿ ಲೈಟು, ಅವ್ವನ ಕಾಯಿ

ನವೆಂಬರ್ ೧೯, ಬುಧವಾರ

ಕಾರಿನ ಬ್ಯಾಟರಿ ಲೈಟು ಇವತ್ತು ಆರಿತು. ನನ್ನ ತಲೆ ಮಾತ್ರ ಇನ್ನೂ ಕೆಟ್ಟಿದೆ. ಹೊಸ ಬ್ಯಾಟರಿ ಹಾಕಿಸಿದ್ದೆ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಿಸಿದ್ದೆ. ಆದರೂ ತಿಂಗಳಿಗೊಮ್ಮೆ ಆ ಕೆಂಪು ಲೈಟು ಹತ್ತುತ್ತಲೇ ಇತ್ತು. ಶಿರಾ ಗೇಟಿನ ಮೆಕ್ಯಾನಿಕ್ ಅನಂತರಾಜು ಬ್ಯಾಟರಿ ಪಕ್ಕ ಟಾರ್ಚ್ ಬೆಳಕು ಬಿಟ್ಟು ನಕ್ಕ. "ಅರ್ಥ್ ವೈರ್ ಹಸಿರುಗಟ್ಟೈತೆ ಸಾರ್. ಇರುವೆ ಬೇರೆ ಮುತ್ಕೊಂಡವೆ. ಇಲ್ಲಿ ಏನ್ ಸುರೀತೀರಾ?"

ಕಾಯಿನೀರು. ಅಮಾವಾಸ್ಯೆ ಅಮಾವಾಸ್ಯೆಗೆ ಅವ್ವ ಬಾನೆಟ್ ತೆಗೆಸಿ, ಬ್ಯಾಟರಿಗೆ ಕುಂಕುಮವಿಟ್ಟು, ಅಲ್ಲೇ ಕಾಯಿ ಒಡೆಯುತ್ತಾಳೆ. ಬಾನೆಟ್ ಹಿಡಿದು ನಿಲ್ಲುವವನು ನಾನೇ. ನಾಚಿಕೆಯಾಗಿ, "ಮಳೆ ನೀರಿರ್ಬೇಕು ಬುಡಪ್ಪ" ಅಂದೆ. ಅವನು ವೈರ್ ತಿಕ್ಕಿ ಬಿಗಿದ, ಲೈಟು ಆರಿತು.

ಹದಿನಾಲ್ಕು ವರ್ಷದ ಗಾಡಿ, ಒಮ್ಮೆಯೂ ಎಲ್ಲೂ ಗುದ್ದಿಲ್ಲ. ಅದು ಕಾಯಿಯಿಂದಲೋ, ನನ್ನ ಬ್ರೇಕಿನಿಂದಲೋ? ಕಾಯಿನೀರಿನ ವಿಷಯ ಇವತ್ತು ಹೇಳಿಯೇ ಬಿಡಬೇಕೆಂದು ಮನೆಗೆ ಬಂದರೆ, ಅವ್ವ ಕಾರೊಳಗೆ ಇಣುಕಿ, ಲೈಟು ಆರಿದ್ದು ಕಂಡು ಕೈಮುಗಿದಳು. "ನೋಡ್ದೇನ್ಲಾ, ಹರಕೆ ಹೊತ್ತಿದ್ದೆ. ನಾಳೆ ಅಮಾಸೆಗೆ ಐದ್ ಕಾಯಿ ಒಡೀಬೇಕು."

ಐದೂ ಕಾಯಿ ಆಗಲೇ ಸುಲಿದಿಟ್ಟಿದ್ದಾಳೆ. ಬಾನೆಟ್ ಹಿಡಿಯಲು ನಾನು ಬೆಳಿಗ್ಗೆ ಬೇಗ ಏಳಬೇಕಂತೆ.

ಹೂಂ ಅಂದುಬಿಟ್ಟೆ.